ದೂಮಣ್ಣನನ್ನು ಹಿಡಿದುಕೊಟ್ಟವರು

೭-೭-೧೯೫೭, ಆದಿತ್ಯವಾರ. ಬಂಟ್ವಾಳ

ಬೆಳಿಗ್ಗೆ ರಮಾನಾಥ ಮಾಸ್ಟ್ರು ನನ್ನ ಬಸ್ ಆಫೀಸಿಗೆ ಬಂದು ಕುಳಿತರು. ಬಸ್ ಏಜೆಂಟನ ಆಫೀಸೆಂದರೆ ಒಂದು ಮೇಜು, ಒಂದು ಬೆಂಚು, ಬಸ್ಸುಗಳ ಹೊತ್ತು ಬರೆದ ಹಲಗೆ. ಆದರೂ ಬಂಟ್ವಾಳ ಪೇಟೆಯಲ್ಲಿ ಇಷ್ಟು ಜನ ಬಂದು ಹೋಗುವ ಆಫೀಸು ಇನ್ನೊಂದಿಲ್ಲ. ಹೊಸ ಪೈಸೆ ಬಂದ ಮೇಲಂತೂ ಚಿಲ್ಲರೆಗಾಗಿ ಜಗಳಾಡಲಿಕ್ಕೆಂದೇ ಜನ ಬರುತ್ತಾರೆ.

ಮಾಸ್ಟ್ರು ಶಾಲೆಯಲ್ಲಿ ಚರಿತ್ರೆ ಕಲಿಸುವವರು, ರಜೆಯಲ್ಲಿ ತಾಳಮದ್ದಳೆಗೆ ಭಾಗವತರು. ಅವರು ಪದ ಹಾಡಿದರೆ, ಅದನ್ನು ಪಾತ್ರದ ಬಾಯಿಂದ ಬೆಳೆಸಿ ಎದುರಿನವನನ್ನು ಮಾತಿನಲ್ಲಿ ಕಟ್ಟಿಹಾಕುವುದು ನನ್ನ ಕೆಲಸ. ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಚಾಪೆಯ ಮೇಲೆ ಕುಳಿತವನಿಗೆ ಬಾಯಿ ಒಂದೇ ಬಂಡವಾಳ. ಈ ಸೀಮೆಯಲ್ಲಿ ನನ್ನ, ಎಂದರೆ ಲೋಕನಾಥ ಶೆಟ್ಟಿಯ ಎದುರು ಕುಳಿತು ಬೆವರದ ಅರ್ಥಧಾರಿ ಯಾರಿದ್ದಾನೆ, ಬೇಕಾದರೆ ಹೆಸರು ಹೇಳಲಿ.

ಸಿಪಾಯಿ ದಂಗೆಗೆ ನೂರು ವರ್ಷ ತುಂಬಿತೆಂದು ಎಲ್ಲ ಕಡೆ ಸಭೆ ಮಾಡುತ್ತಿದ್ದಾರಲ್ಲ, ಮಾಸ್ಟ್ರಿಗೆ ಅದು ಸಾಲದು. "ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ನಮ್ಮವರು ಎದ್ದಿದ್ದಾರೆ ಮಾರಾಯ್ರೇ. ನಮ್ಮದೇ ಹೇಳುವ," ಎಂದರು. ಸುಳ್ಯದ ಕಡೆಯಿಂದ ದಂಡು ಇಳಿದು, ಬಂಟ್ವಾಳ ದಾಟಿ ಮಂಗಳೂರನ್ನು ಹಿಡಿದು, ಕಣ್ಣೂರಿನಿಂದ ಕುಂಪಣಿಯ ಪಟಾಲಮು ಬಂದ ಮೇಲೆ ಚದುರಿಹೋದ ಕಥೆ. ಪ್ರಸಂಗ ಅವರೇ ಬರೆದಿದ್ದಾರೆ. ಕೊನೆಯಲ್ಲಿ ಆ ದಂಡಿನಲ್ಲಿದ್ದ ನಮ್ಮ ಮನೆತನದ ದೂಮಣ್ಣನಿಗೂ ಅವನನ್ನು ಗಲ್ಲಿಗೆ ಹಾಕಿಸಿದ ಕಪ್ತಾನನಿಗೂ ವಾದ.

"ಕಪ್ತಾನ ಯಾರು?" ಎಂದೆ.

"ಹಂಚಿನ ದೊರೆ."

ನಗು ತಡೆಯಲಾಗಲಿಲ್ಲ. ಹಾರ್ಟ್ಲಿ ದೊರೆ ಇಂಗ್ಲೆಂಡಿನವನು, ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದವನು. ಅವನವರೆಲ್ಲ ಗಂಟುಮೂಟೆ ಕಟ್ಟಿದ ಮೇಲೂ ಇವನು ಗುರುವಾಯನಕೆರೆಯಲ್ಲಿ ಮನೆ ಮಾಡಿ ಕುಳಿತಿದ್ದಾನೆ. ಆಳುಗಳಿಂದ ಕಲಿತ ತುಳು ಬೈಗುಳದ ಸಮೇತ ಬರುತ್ತದೆ. ಕನ್ನಡ ಮಾತ್ರ ಪುಸ್ತಕದ್ದು, ಒಂದೊಂದೇ ಶಬ್ದ ತೂಗಿ ಇಡುತ್ತಾನೆ. ತಾಳಮದ್ದಳೆ ಕೂಟಗಳಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಕೇಳುವುದನ್ನು ಕಂಡಿದ್ದೇನೆ. ಅವನ ಮುತ್ತಜ್ಜನೇ ಆ ಪಟಾಲಮಿನ ಕಪ್ತಾನನಾಗಿದ್ದವನಂತೆ, ನೇಣು ಹಾಕುವಾಗ ಮುಂದೆ ನಿಂತವನಂತೆ.

"ಬರಲಿ, ಬರಲಿ. ನಮ್ಮ ದೂಮಣ್ಣ ನೂರಿಪ್ಪತ್ತು ವರ್ಷದಿಂದ ಕಾಯ್ತಾ ಇದ್ದಾನೆ," ಎಂದೆ.

೧೦-೭-೧೯೫೭

ಮಾಸ್ಟ್ರು ಬೆನ್ನಿಗೆ ಚೂರಿ ಹಾಕಿದರು. ಕೂಟ ಎರಡು. ಆಗಸ್ಟ್ ಹದಿನೈದಕ್ಕೆ ಬಂಟ್ವಾಳದಲ್ಲಿ ಒಂದು, ದೀಪಾವಳಿ ಕಳೆದು ಮೂಡಬಿದಿರೆಯಲ್ಲಿ ಒಂದು. ಮೂಡಬಿದಿರೆಯಲ್ಲಿ ನಾನು ದೂಮಣ್ಣ, ಅವನು ಕಪ್ತಾನ. ಆದರೆ ಬಂಟ್ವಾಳದಲ್ಲಿ ತಿರುಗಾಮುರುಗ: ನಾನು ಕಪ್ತಾನ, ದೊರೆ ದೂಮಣ್ಣ!

"ನನ್ನ ಅಜ್ಜನನ್ನು ಕೊಂದವನ ಬಾಯಿ ನಾನಾಗಬೇಕಾ?" ಎಂದು ಕೂಗಾಡಿದೆ. ಬೆಳ್ತಂಗಡಿ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹಾಕಿ ನೋಡಿದರು.

ಮಾಸ್ಟ್ರು ತಣ್ಣಗೆ, "ಕೊಟ್ಟ ಪಾತ್ರ ಬೇಡ ಎಂದವ ಅರ್ಥಧಾರಿಯೇ ಅಲ್ಲ ಅಂತ ನೀವೇ ಅಲ್ವಾ ಹೇಳುವುದು?" ಎಂದರು. ಹೌದು, ಹತ್ತು ಕಡೆ ಭಾಷಣ ಬಿಗಿದಿದ್ದೇನೆ. ಕೌರವ ಸಿಕ್ಕಿದರೆ ಕೌರವನೇ ಸರಿ, ಭೀಮ ಸಿಕ್ಕಿದರೆ ಭೀಮನೇ ಸರಿ. ಒಪ್ಪದೆ ದಾರಿಯಿರಲಿಲ್ಲ.

ಊಟಕ್ಕೆ ಕುಳಿತಾಗ ಅಮ್ಮನಿಗೆ ಹೇಳಿದೆ. ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು. "ದೂಮಣ್ಣನ ಮಾತು ತೆಗೆಯದಿದ್ದರೆ ಆಗ್ತಿತ್ತು," ಎಂದಳು.

೨೧-೭-೧೯೫೭, ಆದಿತ್ಯವಾರ

ಕಪ್ತಾನನ ಪಾತ್ರಕ್ಕೆ ನಾಲ್ಕು ಸಂಗತಿಯಾದರೂ ಬೇಕಲ್ಲ ಎಂದು ಮಹಮ್ಮದ್ ಕುಂಞಿಯ ಬಸ್ಸಿನಲ್ಲಿ ಗುರುವಾಯನಕೆರೆಗೆ ಹೋದೆ. ಕುಂಞಿ ದಿನವೂ ಆ ದಾರಿಯಲ್ಲಿ ಬಸ್ಸು ಬಿಡುವವನು, ದೊರೆಯ ಮನೆಯ ಬೆಕ್ಕಿನ ಸಮಾಚಾರವೂ ಅವನಿಗೆ ಗೊತ್ತು. "ಏಜೆಂಟ್ರೇ, ಆ ಮುದುಕ ಒಳ್ಳೆಯವ, ಹೆಚ್ಚು ಬಾಯಿ ಮಾಡಬೇಡಿ," ಎಂದು ಮೊದಲೇ ಎಚ್ಚರಿಸಿದ.

ದೊರೆ ಜಗಲಿಯಲ್ಲಿ ಕುಳಿತಿದ್ದ. ಚಹಾ ಬಂತು, ಅನಾನಸು ಹೆಚ್ಚಿ ತಂದಿಟ್ಟರು. ನಿನ್ನ ಮುತ್ತಜ್ಜ ಎಂಥವನು, ಕ್ರೂರಿಯೇ, ಕುಡುಕನೇ ಎಂದು ನೇರವಾಗಿ ಕೇಳಿದೆ. ಅವನು ಪಕ್ಕದ ಹಿತ್ತಲ ಕಡೆ ನೋಡಿದ. ಅಲ್ಲಿ ಹಲಸಿನ ಮರಕ್ಕೆ ಹಗ್ಗ ಕಟ್ಟಿ ಮಕ್ಕಳು ಉಯ್ಯಾಲೆ ಆಡುತ್ತಿದ್ದರು.

"ನಮ್ಮ ಮನೆಯಲ್ಲಿ ಉಯ್ಯಾಲೆ ಇಲ್ಲ," ಎಂದ ತುಳುವಿನಲ್ಲಿ. "ನನ್ನ ಅಪ್ಪ ಆಡಲಿಲ್ಲ, ನಾನೂ ಆಡಲಿಲ್ಲ. ಮುತ್ತಜ್ಜ ಇಲ್ಲಿಂದ ಹೋದವ ಈ ಊರಿನ ಬಗ್ಗೆ ಒಂದು ಮಾತು ಆಡಿದವನಲ್ಲವಂತೆ. ಒಂದು ದಿನ ಅವನ ಮೊಮ್ಮಗ ತೋಟದ ಮರಕ್ಕೆ ಹಗ್ಗ ಕಟ್ಟಿದ. ಮುದುಕ ಓಡಿ ಬಂದು ಕತ್ತಿಯಿಂದ ಕಡಿದು, ಹುಲ್ಲಿನ ಮೇಲೆ ಕೂತು ಅತ್ತನಂತೆ. ಆ ಮೇಲೆ ನಮ್ಮಲ್ಲಿ ಯಾರೂ ಮರಕ್ಕೆ ಹಗ್ಗ ಕಟ್ಟುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ."

ಅಷ್ಟು ದೊಡ್ಡದನ್ನು ಕೊಟ್ಟವನ ಮುಂದೆ ಬರಿಗೈಯಲ್ಲಿ ಕುಳಿತಂತಾಯಿತು. ಅದಕ್ಕೇ ಇರಬೇಕು, ನನ್ನ ಬಾಯಿಂದಲೂ ಬಂದುಬಿಟ್ಟಿತು. ನಮ್ಮಲ್ಲಿ ಆಸ್ತಿ ಮಗನಿಗಲ್ಲ, ತಂಗಿಯ ಮಗನಿಗೆ. ದೂಮಣ್ಣ ಕಾಡಿನಲ್ಲಿ ಅಡಗಿದ್ದಾಗ ಸಿಪಾಯಿಗಳಿಗೆ ಜಾಗ ತೋರಿಸಿದವನು ಐತಪ್ಪ, ಅವನ ಸ್ವಂತ ಅಳಿಯ. ಮಾವ ಗಲ್ಲಿಗೆ ಹೋದ, ಗದ್ದೆಗಳು ಅಳಿಯನಿಗೆ ಉಳಿದವು. ನಾವೆಲ್ಲ ಆ ಐತಪ್ಪನ ತಂಗಿಯ ಹೊಟ್ಟೆಯವರು. ಊರಿಗೆ ನಾವು ವೀರನ ವಂಶ. ಒಳಗಿನದ್ದನ್ನು ಅಮ್ಮ ನನಗೆ ಹೇಳಿದಾಗ, ಹೊಸಿಲು ದಾಟಿಸಬೇಡವೆಂದು ಆಣೆ ಹಾಕಿಸಿದ್ದಳು.

ದೊರೆ ಹೌಹಾರಲಿಲ್ಲ, ಮುಖ ತಿರುಗಿಸಲೂ ಇಲ್ಲ. ತಟ್ಟೆಯನ್ನು ನನ್ನ ಕಡೆ ಸರಿಸಿ, "ಹಣ್ಣು ತಿನ್ನು," ಎಂದ.

೪-೮-೧೯೫೭, ಆದಿತ್ಯವಾರ

ಮತ್ತೆ ಗುರುವಾಯನಕೆರೆ. ಈಗ ಅವನು ನನ್ನನ್ನು ಲೋಕನಾಥ ಎಂದೇ ಕರೆಯುತ್ತಾನೆ, ನೀನು ಎನ್ನುತ್ತಾನೆ. ಶೆಟ್ರೇ, ಗಿಟ್ರೇ ಎಲ್ಲ ಬೇಡ ಎಂದು ನಾನೇ ಹೇಳಿದ್ದು.

ಅವನಿಗೆ ಕೂಟದ ಕ್ರಮ ಹೇಳಿಕೊಟ್ಟೆ. ಎದುರಿನವನು ತಬ್ಬಿಬ್ಬಾದರೆ ಬಿಡಬಾರದು, ಮತ್ತೊಂದು ಹೇರಬೇಕು. ಉತ್ತರ ಬಾರದೆ ಸುಮ್ಮನಾದವನು ಸೋತ ಹಾಗೆ. ಚಾಪೆಯ ಮೇಲೆ ಎಂಥ ಮಾತು ಬಂದರೂ ಅದು ಪಾತ್ರದ್ದು, ಎದ್ದ ಮೇಲೆ ಯಾರೂ ಮನಸ್ಸಿನಲ್ಲಿಟ್ಟುಕೊಳ್ಳಬಾರದು. ಬಾಯಿಪಾಠ ಮಾಡುವ ಹುಡುಗನ ಹಾಗೆ ಕೇಳಿಸಿಕೊಂಡ.

"ಇಲ್ಲಿ ಹೇಗಾದರೂ ಆಗಲಿ. ಮೂಡಬಿದಿರೆಯಲ್ಲಿ ನಾನು ಕಪ್ತಾನ ಅಲ್ವಾ? ಮುತ್ತಜ್ಜನ ಬಾಯಿಂದ ನಿನ್ನ ದೂಮಣ್ಣನಿಗೆ ಒಂದು ಮಾತು ಹೇಳಲಿಕ್ಕೆ ಉಂಟು. ಮೂವತ್ತು ವರ್ಷದಿಂದ ಇಲ್ಲಿ ಕೂತದ್ದು ಅದಕ್ಕೇ ಅಂತ ಈಗ ಅನ್ನಿಸ್ತದೆ," ಎಂದ.

"ಏನು ಮಾತು?"

"ಅಲ್ಲಿಯೇ ಹೇಳ್ತೇನೆ. ಈಗ ಹೇಳಿದರೆ ನೀನು ಉತ್ತರ ತಯಾರು ಮಾಡಿಕೊಂಡು ಬರ್ತಿ."

ಇಬ್ಬರೂ ನಕ್ಕೆವು. ಊರಿಗೆ ಯಾವಾಗ ಹೋಗುವುದು ಎಂದದ್ದಕ್ಕೆ, "ಯಾವ ಊರಿಗೆ? ನನ್ನ ಮೂಳೆ ಇಲ್ಲೇ," ಎಂದ. ಹಾರ್ಟ್ಲಿ ಮನುಷ್ಯ ಪರವಾಗಿಲ್ಲ. ಆದರೆ ಅರ್ಥಗಾರಿಕೆಯಲ್ಲಿ ಕೂಸು. ಹದಿನೈದಕ್ಕೆ ಪಾಪ ಅನ್ನಿಸುವಷ್ಟು ಹೊಡೆತ ತಿನ್ನುತ್ತಾನೆ.

೧೬-೮-೧೯೫೭

ಗೆದ್ದೆ! ನಿನ್ನೆಯ ಕೂಟ ಮುಗಿದು ಜನ ನನ್ನನ್ನು ಹೊತ್ತುಕೊಂಡು ಹೋಗುವುದೊಂದು ಬಾಕಿ. ಇಂದು ಬೆಳಿಗ್ಗೆಯಿಂದ ಆಫೀಸಿನ ಬೆಂಚಿನಲ್ಲಿ ಜಾಗವಿಲ್ಲ. ಮರೆಯುವ ಮೊದಲು ಎಲ್ಲವನ್ನೂ ಬರೆದಿಡಬೇಕು.

ಧ್ವಜ ಏರಿಸಿ ಮಿಠಾಯಿ ಹಂಚಿದ ಮೇಲೆ ಶಾಲೆಯ ಸಭಾಂಗಣದಲ್ಲೇ ಕೂಟ. ಜನ ಕಿಟಕಿಯ ಸರಳುಗಳಿಗೆ ಜೋತುಬಿದ್ದಿದ್ದರು. ಅರ್ಧ ಜನ ಬಂದದ್ದು ಬಿಳಿಯನೊಬ್ಬ ಚಾಪೆಯಲ್ಲಿ ಚಕ್ಕಳಮಕ್ಕಳ ಕುಳಿತು ಕುಂಪಣಿಯನ್ನು ಬೈಯುವುದನ್ನು ನೋಡಲಿಕ್ಕೆ. ಹೆಂಗಸರ ಕಡೆ ಅಮ್ಮನೂ ಇದ್ದಳು. ಹಾರ್ಟ್ಲಿ ಪಂಚೆ ಉಟ್ಟು ಬಂದಿದ್ದ.

ಮಾಸ್ಟ್ರು ಪದ ಎತ್ತಿದರು. ನಾನು ಸುರುವಿನಲ್ಲೇ ಬಿಗಿದೆ:

"ಎಲವೋ ದೂಮಣ್ಣ, ರಾಜ್ಯ ಬೇಕೆಂದು ಹೊರಟವನು ಪೇಟೆಯ ಅಂಗಡಿಗಳ ಬಾಗಿಲನ್ನೇಕೆ ಮುರಿದೆ? ನಿನ್ನ ಸಿಂಹಾಸನವನ್ನು ಯಾರಾದರೂ ಜವಳಿಯ ಗಂಟಿನಲ್ಲಿ ಅಡಗಿಸಿಟ್ಟಿದ್ದರೇ?"

ಸಭೆ ನಕ್ಕಿತು. ಹಾರ್ಟ್ಲಿ ನಗು ನಿಲ್ಲುವ ತನಕ ಕಾದು, ತನ್ನ ನಿಧಾನದ ಕನ್ನಡದಲ್ಲಿ, "ಮುರಿದದ್ದು ತಪ್ಪು, ಕಪ್ತಾನರೇ. ಒಪ್ಪಿದೆ," ಎಂದ.

ತಾಳಮದ್ದಳೆಯಲ್ಲಿ ಯಾರು ತಪ್ಪು ಒಪ್ಪುತ್ತಾರೆ? ನಾನು ಎತ್ತಿದ ಕೈ ಹಾಗೆಯೇ ಉಳಿಯಿತು. ಅವನು ಮುಂದುವರಿಸಿದ: "ಇನ್ನು ನೀವು ಒಂದು ತಪ್ಪು ಒಪ್ಪಬಹುದೇ? ಭತ್ತ ಬೆಳೆಯುವವನ ಬಳಿ ತೀರ್ವೆಗೆ ನಾಣ್ಯವನ್ನು ಕೇಳಿದಿರಿ. ನಮ್ಮ ಗದ್ದೆಯಲ್ಲಿ ನಾಣ್ಯ ಬೆಳೆಯುವುದಿಲ್ಲ."

ಚಪ್ಪಾಳೆ. ನನಗೆ ಬಿಸಿ ಮುಟ್ಟಿತು. ಧರ್ಮ, ಕಾನೂನು, ರಸ್ತೆ, ಶಾಲೆ, ಎಲ್ಲ ತಂದು ಸುರಿದೆ. ಒಂದು ವಿಷಯ ಇಲ್ಲಿ ಬರೆಯಬಹುದು: ಕಪ್ತಾನನ ಕಡೆಯಿಂದ ಮಾತಾಡುವುದು ನಾನೆಣಿಸಿದಷ್ಟು ಕಷ್ಟವಾಗಲಿಲ್ಲ. ಅಧಿಕಾರದಲ್ಲಿ ಇರುವವನ ಮಾತು ತನ್ನಷ್ಟಕ್ಕೆ ಓಡುತ್ತದೆ. ಆದರೆ ನಾನು ಹತ್ತು ಹೇಳಿದಲ್ಲಿ ಅವನು ಒಂದು ಹೇಳುತ್ತಿದ್ದ, ಜನ ಆ ಒಂದಕ್ಕೇ ತಲೆದೂಗುತ್ತಿದ್ದರು. ಆ ಆವೇಶದಲ್ಲಿ ಕೇಳಿಬಿಟ್ಟೆ:

"ಕಾಡು ನಿನ್ನದು, ಹೊಳೆ ನಿನ್ನದು. ಆದರೂ ನನ್ನ ಸಿಪಾಯಿಗಳು ಹುಡುಕದೆಯೇ ನೀನಿದ್ದಲ್ಲಿಗೆ ಬಂದರಲ್ಲ! ನಿನ್ನನ್ನು ಹಿಡಿದುಕೊಟ್ಟವರು ಯಾರು? ಹೇಳು!"

ಬಾಯಿಂದ ಹೋದ ಮೇಲೆ ಹೊಳೆಯಿತು: ಉತ್ತರ ಗೊತ್ತಿರುವ ಒಬ್ಬನೇ ಒಬ್ಬ ಹೊರಗಿನವನನ್ನು ಸಭೆಯ ಮಧ್ಯೆ ಕೂರಿಸಿ ನಾನೇ ಕೇಳಿದ್ದೆ. ಅಮ್ಮನ ಕಡೆ ನೋಡಲು ಧೈರ್ಯವಾಗಲಿಲ್ಲ. ಹಾರ್ಟ್ಲಿ ನನ್ನ ಮುಖ ನೋಡಿದ.

"ಯಾರೂ ಅಲ್ಲ. ನನ್ನ ಮನೆಯ ಹೆಂಗಸರನ್ನೂ ಮಕ್ಕಳನ್ನೂ ನಿಮ್ಮ ಸಿಪಾಯಿಗಳು ಮುಟ್ಟಬಾರದೆಂದು ನಾನೇ ನಡೆದು ಬಂದೆ."

ಹೆಂಗಸರ ಕಡೆ ಯಾರೋ ಮೂಗು ಸೀಟಿದರು. ಅವನು ಅದೇ ಸ್ವರದಲ್ಲಿ, "ನಾಳೆ ನೀವು ನಿಮ್ಮ ದೇಶಕ್ಕೆ ಹೋಗುವಿರಿ, ಕಪ್ತಾನರೇ. ಅಲ್ಲಿ ನಿಮಗೆ ನಿದ್ದೆ ಬರುತ್ತದೆಯೇ?" ಎಂದು ಕೇಳಿದ.

ಇಡೀ ಸಭೆ ಅವನ ಕೈಯಲ್ಲಿತ್ತು. ಇಪ್ಪತ್ತು ವರ್ಷದ ನನ್ನ ಹೆಸರು, ಹಂಚು ಮಾರುವವನೊಬ್ಬನ ಎದುರು ಮುಳುಗುವುದರಲ್ಲಿತ್ತು. ಎಲ್ಲಿಂದ ಬಂತೋ, ಬಂತು:

"ಬರುತ್ತದೆ ಮೂಢ, ಸೊಂಪಾಗಿ ಬರುತ್ತದೆ! ನಿನ್ನನ್ನು ತೂಗಿದ ಹಗ್ಗವನ್ನು ಇಲ್ಲಿಯೇ ಬಿಟ್ಟು ಹೋಗುವೆನೆಂದು ತಿಳಿದೆಯಾ? ಒಯ್ಯುತ್ತೇನೆ. ನನ್ನ ತೋಟದ ಮರಕ್ಕೆ ಉಯ್ಯಾಲೆ ಕಟ್ಟಿ ಮೊಮ್ಮಕ್ಕಳನ್ನು ತೂಗುತ್ತೇನೆ. ನಿನ್ನ ಸೀಮೆಯ ಹಗ್ಗ ಎಷ್ಟು ಗಟ್ಟಿಯೆಂದು ಅವರಿಗೂ ತಿಳಿಯಲಿ!"

ಮಾಡು ಹಾರಿಹೋಗುವಂಥ ಚಪ್ಪಾಳೆ, ಸೀಟಿ. ಹಾರ್ಟ್ಲಿಯ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮಾಸ್ಟ್ರು ತಾಳ ಹಿಡಿದುಕೊಂಡು ಕಾದರು, ಇನ್ನೂ ಕಾದರು. ಕೊನೆಗೆ ಮಂಗಳ ಹಾಡಿದರು.

ಅಂತೂ ಗೆಲುವು ನನ್ನದು. ಹಾರ್ಟ್ಲಿ ಊಟಕ್ಕೆ ನಿಲ್ಲಲಿಲ್ಲ. "ಚೆನ್ನಾಗಿ ಹೇಳಿದಿರಿ," ಎಂದು ಕೈ ಮುಗಿದು ಬಸ್ಸು ಹತ್ತಿದ.

೧೮-೮-೧೯೫೭, ಆದಿತ್ಯವಾರ

ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಉಯ್ಯಾಲೆಯ ಮಾತೇ. ಮೀನಿನವಳೊಬ್ಬಳು ಬುಟ್ಟಿಗೆ ಹಗ್ಗ ಕಟ್ಟುತ್ತಾ, "ಗಟ್ಟಿ ಉಂಟು, ಕಪ್ತಾನನದ್ದು!" ಎಂದಳು. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಅಮ್ಮ ಕೇಳಿದಳು, "ಆ ದೊರೆಗೆ ಗೊತ್ತುಂಟಾ?"

"ಏನು?"

"ನಾನೇ ಬಂದೆ ಅಂದನಲ್ಲ. ಗೊತ್ತಿದ್ದು ಹೇಳಿದ್ದಾ?"

"ಇಲ್ಲಮ್ಮ. ಬಾಯಿಗೆ ಬಂದದ್ದು."

"ಹಾಗಾದರೆ ದೇವರೇ ಹೇಳಿಸಿದ್ದು. ನಮ್ಮ ಮಾನ ಉಳಿಸಿದ," ಎಂದು ದೀಪ ಹಚ್ಚಲು ಹೋದಳು.

೨೫-೮-೧೯೫೭

ಚಾಪೆಯ ಮೇಲಿನ ಮಾತು ಪಾತ್ರದ್ದು. ಇದನ್ನು ನಾನು ಕಲ್ಪಿಸಿದ್ದಲ್ಲ, ನನ್ನ ಗುರುಗಳ ಗುರುಗಳ ಕಾಲದಿಂದ ಬಂದ ಕ್ರಮ. ಕೃಷ್ಣನ ಪಾತ್ರದವನು ಕೌರವನ ಪಾತ್ರದವನನ್ನು ಎಷ್ಟು ಹೀಯಾಳಿಸಿದರೂ ಕೊನೆಗೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಹಾರ್ಟ್ಲಿಗೆ ಇದನ್ನು ಮೊದಲೇ ಹೇಳಿದ್ದೆ. ಅವನು ಸಣ್ಣ ಮನಸ್ಸು ಮಾಡಿಕೊಂಡರೆ ನಾನೇನು ಮಾಡಲಿ?

ಕುಂಞಿಯನ್ನು ಕೇಳಿದೆ, ದೊರೆ ಹೇಗಿದ್ದಾನೆಂದು. "ಇದ್ದಾರೆ," ಎಂದ. ಹತ್ತು ಮಾತಾಡುವವನು ಒಂದೇ ಮಾತಾಡಿದ.

೮-೯-೧೯೫೭, ಆದಿತ್ಯವಾರ

ಹೋಗಿ ಬಂದೆ. ಬಸ್ಸಿನಲ್ಲಿ ಕುಳಿತು ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಅದು ಕ್ಷಮೆ ಕೇಳಿದಂತೆಯೂ ಇರಬೇಕು, ನಾನು ತಗ್ಗಿದಂತೆ ಕಾಣಲೂ ಬಾರದು. ಇಂಥದ್ದು ನನಗೆ ನೀರು ಕುಡಿದಷ್ಟು ಸಲೀಸು.

ಜಗಲಿಯಲ್ಲಿ ಅದೇ ಕುರ್ಚಿ. ಆದರೆ ಅದು ಈಗ ರಸ್ತೆಯ ಕಡೆ ಮುಖ ಮಾಡಿದೆ. ಹಿತ್ತಲ ಕಡೆಯಿಂದ ಮಕ್ಕಳ ಕೂಗು ಕೇಳಿಸುತ್ತಿತ್ತು.

"ಬನ್ನಿ ಲೋಕನಾಥ ಶೆಟ್ರೇ, ಕುಳಿತುಕೊಳ್ಳಿ."

ತುಳು ಬಿಟ್ಟು ಕನ್ನಡ. ನೀನು ಹೋಗಿ ನೀವು. ನಾನು ಕುಳಿತೆ. ಚಹಾ ಬಂತು, ಹಣ್ಣೂ ಬಂತು. ಸತ್ಕಾರದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಮಳೆ, ಹೊಸ ಪೈಸೆ, ಬೆಳ್ತಂಗಡಿ ರಸ್ತೆಯ ಹೊಂಡ, ಎಲ್ಲ ಮಾತಾಡಿದ.

"ಆ ದಿನ ನಾನು ಹೇಳಿದ ಮಾತು..." ಎಂದು ಸುರು ಮಾಡಿದೆ.

"ಒಳ್ಳೆಯ ಮಾತು. ಪಾತ್ರಕ್ಕೆ ತಕ್ಕದ್ದು. ಚಾಪೆಯಿಂದ ಎದ್ದ ಮೇಲೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದೆಂದು ನೀವೇ ಕಲಿಸಿದ್ದೀರಿ."

"ಹಾಗಲ್ಲ ಹಾರ್ಟ್ಲಿ..."

"ಇನ್ನೊಂದು ಲೋಟ ಚಹಾ ತೆಗೆದುಕೊಳ್ಳಿ."

ಅವನು ಬೈದಿದ್ದರೆ ನಾನು ನಾಲ್ಕು ಹೇಳಬಹುದಿತ್ತು, ಅವನ ಕಾಲಿಗಾದರೂ ಬೀಳಬಹುದಿತ್ತು. ನನ್ನದೇ ನಿಯಮವನ್ನು ತಂದು ಬಾಗಿಲಿಗೆ ಅಡ್ಡ ಇಟ್ಟ. ಮೂಡಬಿದಿರೆಗೆ ಬರುತ್ತೀಯಲ್ಲ ಎಂದು ಕೇಳಿದಾಗ ಗಂಟಲು ಸರಿಯಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದ. ಅವನ ಗಂಟಲು ಚೆನ್ನಾಗಿಯೇ ಇತ್ತು.

೯-೯-೧೯೫೭

ಅವನು ನನ್ನ ಮನೆ ಉಳಿಸಿದ ಮರುಗಳಿಗೆಯೇ ನಾನು ಅವನ ಮನೆಯದನ್ನು ಬೀದಿಗೆ ಎಸೆದೆ. ಚಪ್ಪಾಳೆಗಾಗಿ. ಬೇರೆ ಯಾವ ಹೆಸರೂ ಅದಕ್ಕಿಲ್ಲ.

೬-೧೦-೧೯೫೭

ಕುಂಞಿ ಹೇಳಿದ: ಹಾರ್ಟ್ಲಿಯವರು ಮನೆ ಬಿಡುತ್ತಿದ್ದಾರೆ. ಅವರ ದೇಶದಲ್ಲಿ ಅಕ್ಕನಿಗೆ ಕಾಯಿಲೆ, ನೋಡಿಕೊಳ್ಳುವವರಿಲ್ಲವಂತೆ. ಹಾಸಿಗೆ, ಮೇಜು ಎಲ್ಲ ನೆರೆಕರೆಯವರಿಗೆ ಕೊಟ್ಟಾಯಿತಂತೆ.

"ಅಕ್ಕನಿಗೆ ನಿಜವಾಗಿ ಕಾಯಿಲೆಯಾ?" ಎಂದೆ.

"ನಾನು ಹೋಗಿ ನಾಡಿ ಹಿಡಿದು ನೋಡ್ಲಿಕ್ಕೆ ಆಗ್ತದಾ ಏಜೆಂಟ್ರೇ?" ಎಂದ. ಆಮೇಲೆ, "ನಿಮಗೆ ಏನಾಗಿದೆ? ಮೊದಲು ನೀವು ಬೆಳ್ತಂಗಡಿ ಅಂತ ಕೂಗಿದರೆ ಪಾಣೆಮಂಗಳೂರಿಗೆ ಕೇಳ್ತಿತ್ತು. ಈಗ ಬಸ್ಸಿನ ಒಳಗೆ ಇದ್ದವರಿಗೇ ಕೇಳುವುದಿಲ್ಲ," ಎಂದ.

ಶೀತ ಇರಬೇಕು.

ಮೂಡಬಿದಿರೆಗೆ ಕಪ್ತಾನನಾಗಿ ಶಿವಸುಬ್ರಹ್ಮಣ್ಯ ಭಟ್ಟರನ್ನು ಗೊತ್ತು ಮಾಡಿದ್ದಾರೆ. ಘಟಾನುಘಟಿ. ಹಿಂದಾಗಿದ್ದರೆ ಈಗಲೇ ಮಾತು ಮಸೆಯಲು ಕೂರುತ್ತಿದ್ದೆ.

೧೯-೧೦-೧೯೫೭

ವಿಟ್ಲದ ಒಂದು ಕೂಟದಲ್ಲಿ ಹೊಸಬನೊಬ್ಬ ನನ್ನೆದುರು ತೊದಲಿದ. ಮುಂದಿನ ಪದ ಎತ್ತಿ ಎಂದು ಮಾಸ್ಟ್ರಿಗೆ ಸನ್ನೆ ಮಾಡಿದೆ. ಯಾಕೆ ಬಿಟ್ಟಿರಿ ಎಂದು ಆಮೇಲೆ ಮಾಸ್ಟ್ರು ಕೇಳಿದರು. ಹೊತ್ತಾಗಿತ್ತಲ್ಲ ಎಂದೆ.

೫-೧೧-೧೯೫೭

ಇಂದು ಹೋದರು.

ಕುಂಞಿಯ ಬಸ್ಸು ಬಂದು ನಿಂತಾಗ ಹಾರ್ಟ್ಲಿಯವರು ಕಿಟಕಿಯ ಪಕ್ಕ ಕುಳಿತಿದ್ದರು. ತಲೆಯ ಮೇಲೆ ಹಳೆಯ ಟೊಪ್ಪಿ, ಮಡಿಲಲ್ಲಿ ಕೊಡೆ. ಮಂಗಳೂರಿಗೆ ಹೋಗಿ, ಅಲ್ಲಿಂದ ಬೊಂಬಾಯಿ, ಆದಿತ್ಯವಾರ ಹಡಗು. ಕುಂಞಿ ಇಂಜಿನ್ನಿಗೆ ನೀರು ಹಾಕುವ ನೆವದಲ್ಲಿ ಬೇಕೆಂದೇ ತಡ ಮಾಡಿದ. ನನಗಾಗಿಯೇ ಮಾಡಿದ, ಗೊತ್ತಾಯಿತು.

ನಾನು ಕಿಟಕಿಯ ಕೆಳಗೆ ಹೋಗಿ ನಿಂತೆ. ಮೂಡಬಿದಿರೆಯಲ್ಲಿ ನೀವು ಹೇಳಬೇಕೆಂದಿದ್ದ ಮಾತು ಯಾವುದು ಎಂದು ಕೇಳಬೇಕಿತ್ತು. ನನ್ನದು ತಪ್ಪಾಯಿತು ಎನ್ನಬೇಕಿತ್ತು.

"ಕಾಫಿ ತರಿಸಲಾ?" ಎಂದೆ.

"ಬೇಡ. ಉಪಕಾರವಾಯಿತು," ಎಂದರು. ಮಡಿಲಿನ ಕೊಡೆಯನ್ನು ಸರಿಪಡಿಸಿ, "ನಿಮ್ಮ ತಾಯಿಯವರು ಸೌಖ್ಯವಲ್ಲವೇ?" ಎಂದರು.

"ಸೌಖ್ಯ."

"ಅವರಿಗೆ ನನ್ನ ನಮಸ್ಕಾರ ತಿಳಿಸಿ."

ಬಸ್ಸು ಹೊರಟಿತು. ನಾನು ಕೈ ಎತ್ತಿದೆನೋ ಇಲ್ಲವೋ ನೆನಪಾಗುತ್ತಿಲ್ಲ.

೧೧-೧೧-೧೯೫೭

ನಿನ್ನೆ ಮೂಡಬಿದಿರೆಯ ಕೂಟ. ಬರೆಯದಿದ್ದರೆ ನಾಳೆ ಇದು ನಡೆಯಲೇ ಇಲ್ಲವೆಂದು ನಾನೇ ಹೇಳಿಬಿಡಬಹುದು.

ಮಧ್ಯಾಹ್ನ ಊಟ ಮುಗಿಸಿ ಜನ ತುಂಬಿದ್ದರು. ಬಂಟ್ವಾಳದ ಕಥೆ ಆಗಲೇ ಇಲ್ಲಿಗೆ ತಲುಪಿದೆ. ಯಾವ ಮಾತಿಗೆ ಯಾವ ಉತ್ತರವೆಂದು ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು. ಅಮ್ಮ ಬಸದಿ ನೋಡಿದ ಹಾಗೂ ಆಯಿತೆಂದು ಜೊತೆಗೆ ಬಂದಿದ್ದಳು. ಮಾಸ್ಟ್ರು ಚಾಪೆಯಲ್ಲಿ ನನ್ನ ಕಿವಿಗೆ ಬಾಗಿ, "ಬಂಟ್ವಾಳದಲ್ಲಿ ಆದ ಹಾಗೆಯೇ ತನ್ನಿ. ಜನ ಕಾಯ್ತಾ ಇದ್ದಾರೆ," ಎಂದರು.

ಭಟ್ಟರು ಕಪ್ತಾನನನ್ನು ಚೆನ್ನಾಗಿಯೇ ಹೇಳಿದರು. ನಾನೂ ಹೇಳುವಷ್ಟು ಹೇಳಿದೆ. ಕೊನೆಗೆ ಅವರು ಸೊಂಟಕ್ಕೆ ಕೈಯಿಟ್ಟು, ನನ್ನದೇ ಮಾತನ್ನು ನನ್ನದೇ ಧಾಟಿಯಲ್ಲಿ ಎತ್ತಿದರು: "ನಿನ್ನನ್ನು ಹಿಡಿದುಕೊಟ್ಟವರು ಯಾರು? ಹೇಳು!"

ಸಭೆ ಮುಂದಕ್ಕೆ ಬಾಗಿತು. ನಾನೇ ಬಂದೆ ಎನ್ನುವುದಕ್ಕೆ ಕಾಯುತ್ತಿದ್ದರು. ಹಾರ್ಟ್ಲಿಯವರು ನನಗಾಗಿ ಹುಟ್ಟಿಸಿ ಕೊಟ್ಟ ಆ ಮಾತನ್ನು ನನ್ನ ಬಾಯಲ್ಲಿ ಹಾಕಿಕೊಂಡು, ಅದಕ್ಕೂ ನಾನೇ ಚಪ್ಪಾಳೆ ತೆಗೆದುಕೊಳ್ಳಬೇಕಿತ್ತು. ಆಗಲಿಲ್ಲ.

"ನನ್ನ ಅಳಿಯ," ಎಂದೆ. "ನನ್ನ ತಂಗಿಯ ಮಗ ಐತಪ್ಪ. ಗದ್ದೆಗಾಗಿ ನನ್ನನ್ನು ಕೊಟ್ಟ. ಕಪ್ತಾನನೇ, ನನ್ನನ್ನು ವೀರನೆಂದು ಹಾಡುವವರೆಲ್ಲ ಅವನ ಮನೆಯವರು. ಆ ಗದ್ದೆಯ ಅಕ್ಕಿಯನ್ನೇ ಉಣ್ಣುವವರು. ಅವರಲ್ಲೊಬ್ಬ ಮುಂದೆ ಹುಟ್ಟುತ್ತಾನೆ. ಅವನಿಗೆ ಒಬ್ಬ ಪರದೇಶದವನು ನಂಬಿ ತನ್ನ ಮನೆಯ ನೋವನ್ನು ಹೇಳುತ್ತಾನೆ. ಅವನು ಅದನ್ನೂ ಹಿಡಿದುಕೊಡುತ್ತಾನೆ. ನಮ್ಮ ರಕ್ತವೇ ಅಂಥದ್ದು."

ಕಣ್ಣಲ್ಲಿ ನೀರು ಬಂತು. ಬರಲೆಂದು ಬಿಟ್ಟೆ. ಇನ್ನು ಜನ ಎದ್ದು ಹೋಗುತ್ತಾರೆ, ಬೈಯುತ್ತಾರೆ, ನಾಳೆಯಿಂದ ಪೇಟೆಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ, ಆಗಲಿ ಎಂದುಕೊಂಡು ಕುಳಿತೆ.

ಚಪ್ಪಾಳೆ ಸುರುವಾಯಿತು. ಬಂಟ್ವಾಳದ್ದು ಅದರ ಮುಂದೆ ಏನೂ ಅಲ್ಲ. ಭಟ್ಟರು ಪಾತ್ರ ಮರೆತು ನನ್ನ ತೊಡೆ ತಟ್ಟಿದರು. ಎದ್ದ ಮೇಲೆ ಜನ ಸುತ್ತಿಕೊಂಡರು. "ಏನು ಕಲ್ಪನೆ ಮಾರಾಯ್ರೇ! ಸ್ವಂತ ಮನೆತನದ ಮೇಲೆಯೇ ಕಟ್ಟಿ ಹೇಳ್ಲಿಕ್ಕೆ ಎದೆ ಬೇಕು." "ಆ ಕಣ್ಣೀರು ಹೇಗೆ ತರಿಸಿದ್ರಿ?" ಒಬ್ಬರು ಕಾರ್ಕಳಕ್ಕೆ ಕರೆದರು, ಅಳಿಯನ ಮಾತು ಮಾತ್ರ ಬಿಡಬಾರದೆಂದರು.

"ಅದು ಕಟ್ಟಿದ್ದಲ್ಲ," ಎಂದೆ ಮಾಸ್ಟ್ರಿಗೆ. ಅವರು ನಕ್ಕು ಬೆನ್ನು ತಟ್ಟಿದರು. "ಇನ್ನೂ ಪಾತ್ರದಿಂದ ಇಳಿಯಲಿಲ್ಲವಾ?"

ಬಸ್ಸಿನಲ್ಲಿ ಅಮ್ಮ ಪಕ್ಕದಲ್ಲಿ ಕುಳಿತಳು. ಬೈದರೆ ಬೈಯಲಿ ಎಂದು ಕಾದೆ. ಒಮ್ಮೆ ಬೈದರೆ ಸಾಕಾಗಿತ್ತು.

"ಚಂದ ಕಟ್ಟಿದೆ ಮಗಾ, ಆ ಅಳಿಯನ ಕಥೆ," ಎಂದಳು ಕಿಟಕಿಯ ಹೊರಗೆ ನೋಡುತ್ತಾ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. "ಕೇಳಿದವರು ನಿಜ ಅಂತಲೇ ಎಣಿಸಬೇಕು. ಕಟ್ಟಿದ್ದೇ ಅಲ್ವಾ?"

ನಾನು ಅವಳ ಬೆರಳನ್ನೇ ನೋಡಿದೆ.

"ಹೌದಮ್ಮ, ಕಟ್ಟಿದ್ದೇ," ಎಂದೆ.

ಅದು ಕಟ್ಟಿದ್ದಲ್ಲವೆಂದು ಬಲ್ಲ ಇನ್ನೊಬ್ಬರು ನಿನ್ನೆ ಬೊಂಬಾಯಿಯಲ್ಲಿ ಹಡಗು ಹತ್ತಿದರು.